ಎರಡು ರಿಂಗಿನ ಕ್ಷೇಮಸಮಾಚಾರ

ನಮ್ಮ ಮನೆಯ ಫೋನಿಗೆ ಒಂದು ಅಂಗಿ ಇದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಬಿಳಿ ದಾರದಲ್ಲಿ ನನ್ನ ಹೆಂಡತಿ ಶಾರದೆ ಹೆಣೆದದ್ದು, ಅಂಚಿಗೆ ಕೆಂಪು ಹೂವು. ಕಟ್ಟಿಕೊಂಡ ಗಂಡನಿಗೆ ಅವಳು ಇದುವರೆಗೆ ಒಂದು ಸ್ವೆಟರ್ ಹೆಣೆದುಕೊಟ್ಟಿಲ್ಲ. ಜೇಬಿಗೆ ಮೊಬೈಲ್ ಬಂದು ಎಷ್ಟೋ ಕಾಲವಾದರೂ ಗೋಡೆಯ ಗೂಡಿನಲ್ಲಿ ಕೂತ ಈ ಫೋನನ್ನು ನಾವು ತೆಗೆಸಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನಿಗೆ ಹಳೆಯದನ್ನು ಇಟ್ಟುಕೊಂಡು ಕೂರುವುದು ಹೊಸದೇನಲ್ಲ. ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟು, ನೀರೆಲ್ಲ ಇಂಗುವವರೆಗೆ ಸುಮ್ಮನಿರಬಲ್ಲ ಜನ ನಾವು. ಆಮೇಲೆ ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಸರಿ, ಒಡೆದು ನೋಡುವ ಅಗತ್ಯವಿಲ್ಲ.

ಸದ್ದು ಕೇಳಿದರೆ ಸಾಕು, ಒಳಗಿನ ಸಮಾಚಾರ ಗೊತ್ತಾಗುತ್ತದೆ ಎಂಬ ಈ ನಂಬಿಕೆಯನ್ನು ನಾನೂ ನನ್ನ ಅಕ್ಕನೂ ಫೋನಿಗೂ ವಿಸ್ತರಿಸಿದ್ದೆವು. ಅಕ್ಕ ಇರುವುದು ಹಂದನಕೆರೆಯಲ್ಲಿ. ಮಗ, ಸೊಸೆ, ಎರಡು ಹಸು, ತೋಟ, ಇಷ್ಟನ್ನೂ ಗದರಿಸಿಕೊಂಡು ಚೆನ್ನಾಗಿದ್ದಾಳೆ. ಕೆಲವು ವರ್ಷಗಳ ಹಿಂದೆ ನನಗೆ ಎದೆನೋವು ಬಂದು ಆಸ್ಪತ್ರೆ ಸೇರಿದ್ದೆ. ಅಕ್ಕ ಪಕ್ಕದಲ್ಲೇ ಕೂತು ನೋಡಿಕೊಂಡಳು. ಊರಿಗೆ ಹೊರಡುವ ದಿನ ಒಂದು ಕಟ್ಟಳೆ ಮಾಡಿದಳು.

"ದಿನಾ ಸಂಜೆ ಮಂಡಿ ಬಾಗಿಲು ಹಾಕಿ ಮನೆಗೆ ಬಂದ ಮೇಲೆ ಎರಡು ರಿಂಗ್ ಕೊಟ್ಟು ಮಡಗ್ಲಾ. ನಾನು ಎತ್ತಾಕಿಲ್ಲ. ಎತ್ತಿದ್ರೆ ಮಾತು ಬೆಳೀತದೆ."

ಅಂದಿನಿಂದ ಅದೇ ನಡೆದುಕೊಂಡು ಬಂತು. ಮನೆಗೆ ಬಂದು ಕಾಲು ತೊಳೆದು, ಹಂದನಕೆರೆಯ ನಂಬರ್ ಒತ್ತಿ, ಕಿವಿಯಲ್ಲಿ ಎರಡು ಸಲ ಗಂಟೆ ಕೇಳಿ ಇಟ್ಟುಬಿಡುವುದು. ತಮ್ಮ ಮನೆ ಸೇರಿದ, ಮಾತ್ರೆ ನುಂಗಿದ, ಇವತ್ತಿಗೆ ಬದುಕಿದ್ದಾನೆ ಎಂಬಷ್ಟೂ ಅರ್ಥ ಆ ಎರಡು ರಿಂಗಿನಲ್ಲಿತ್ತು. ಶಾರದೆ ಆಡಿಕೊಳ್ಳುತ್ತಿದ್ದಳು, "ಒಡಹುಟ್ಟಿದವ್ರು ಮಾತಾಡೋಕೂ ಇಷ್ಟು ಜಿಪುಣತನ ಮಾಡೋದ್ನ ನಾನೆಲ್ಲೂ ಕಂಡಿಲ್ಲ ಕಣ್ರೀ." ಜಿಪುಣತನವಲ್ಲ. ನಮ್ಮ ಮನೆತನದವರಿಗೆ ಪ್ರೀತಿ ಇದ್ದಷ್ಟೂ ಮಾತು ಕಡಿಮೆ. ನಾವು ಹೆಚ್ಚು ಮಾತಾಡುವುದು ಕೊಬ್ಬರಿ ರೇಟಿನ ಬಗ್ಗೆ, ಅದೂ ಅಪರಿಚಿತರ ಹತ್ತಿರ.

ಹೀಗಿರುವಾಗ ಫೋನ್ ಆಫೀಸಿನಿಂದ ಸುದ್ದಿ ಬಂತು. ತಾಮ್ರದ ತಂತಿಗಳ ಕಾಲ ಮುಗಿಯಿತಂತೆ, ಇನ್ನು ಗಾಜಿನ ಎಳೆಯಂತೆ. ಲೈನ್‌ಮನ್ ರಾಜಣ್ಣ ಏಣಿ ಸಮೇತ ಬಂದ. ರಾಜಣ್ಣ ನನ್ನ ವಯಸ್ಸಿನವನೇ, ನನ್ನ ಹಾಗೆಯೇ ಮಂಡಿನೋವಿನವನು. ನಾನು ಬೇಡವೆಂದು ಹಟ ಹಿಡಿದೆ.

"ನಂಬರ್ ಅದೇ ಇರ್ತದೆ, ಫೋನೂ ಅದೇ. ದಾರಿ ಮಾತ್ರ ಬೇರೆ ಕಣ್ರೀ" ಎಂದ.

ಗೋಡೆಗೆ ಒಂದು ಪುಟ್ಟ ಡಬ್ಬಿ ಬಡಿದ. ಅದರಲ್ಲಿ ಹಸಿರು ದೀಪಗಳು ಮಿಣುಕುತ್ತವೆ. ಕರೆಂಟು ಹೋದರೆ ಅದೂ ಹೋಗುತ್ತದೆ. ಹಳೆಯ ತಂತಿಗೆ ಆ ಬಾಧೆಯಿರಲಿಲ್ಲ, ಊರೆಲ್ಲ ಕತ್ತಲಾದರೂ ಅದು ಎಲ್ಲಿಂದಲೋ ಶಕ್ತಿ ತಂದುಕೊಂಡು ಗುಂಯ್ ಎನ್ನುತ್ತಿತ್ತು. ಹೊಸದು ಹೇಗೆ ಕೆಲಸ ಮಾಡುತ್ತದೆಂದು ರಾಜಣ್ಣನನ್ನು ಕೇಳಿದೆ. ಈಗ ಮಾತನ್ನು ಚೂರುಚೂರು ಮಾಡಿ, ಒಂದೊಂದು ಚೂರಿಗೂ ವಿಳಾಸ ಅಂಟಿಸಿ ಕಳಿಸುತ್ತಾರಂತೆ. ಅವು ಸಿಕ್ಕ ದಾರಿ ಹಿಡಿದು ಹೋಗಿ ಆ ಕಡೆ ಮತ್ತೆ ಸಾಲಾಗಿ ನಿಲ್ಲುತ್ತವಂತೆ. ನಾನು ಇದನ್ನು ಮದುವೆಗೆ ಹೊರಟ ನಮ್ಮ ನೆಂಟರ ಲೆಕ್ಕದಲ್ಲಿ ಅರ್ಥಮಾಡಿಕೊಂಡೆ. ಒಬ್ಬರು ರೈಲಿಗೆ, ಒಬ್ಬರು ಬಸ್ಸಿಗೆ, ಇನ್ನೊಬ್ಬರು ತುರುವೇಕೆರೆಯಲ್ಲಿ ಮಗಳ ಮನೆ ನೋಡಿಕೊಂಡು ಹೊರಡುತ್ತಾರೆ, ಊಟದ ಪಂಕ್ತಿಗೆ ಮಾತ್ರ ಯಾರೂ ತಪ್ಪುವುದಿಲ್ಲ. ಯಾರ ಹಿಂದೆ ಯಾರು, ಬಂದದ್ದನ್ನು ಹೇಗೆ ತಿಳಿಸಬೇಕು ಎಂದು ಯಂತ್ರಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಕಟ್ಟಳೆಗೆ ಪ್ರೊಟೊಕಾಲ್ ಎನ್ನುತ್ತಾರೆ. ಕಟ್ಟಳೆ ನಮ್ಮಲ್ಲೂ ಇತ್ತಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಆ ಸಂಜೆ ಎಂದಿನಂತೆ ನಂಬರ್ ಒತ್ತಿ, ಎರಡು ಗಂಟೆ ಕೇಳಿ ಇಟ್ಟೆ. ಮಾರನೆಯ ಸಂಜೆ, ಅದರ ಮಾರನೆಯ ಸಂಜೆಯೂ ಅಷ್ಟೇ. ಹೊಸ ದಾರಿ ಚೆನ್ನಾಗಿದೆ, ನಾನು ಸುಮ್ಮನೆ ರಂಪ ಮಾಡಿದೆ ಎಂದುಕೊಂಡೆ.

ಅದಾದ ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದೇನೆ, ಗೇಟಿನ ಸದ್ದಾಯಿತು. ನೋಡಿದರೆ ಅಕ್ಕ. ಮೊದಲ ಬಸ್ಸಿಗೇ ಬಂದಿದ್ದಾಳೆ, ಕೈಯಲ್ಲೊಂದು ಬಟ್ಟೆಯ ಚೀಲ. ಹೊಸಿಲು ದಾಟದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬದುಕಿದ್ದೀಯೇನ್ಲಾ?"

"ಯಾಕಕ್ಕ, ಏನಾಯ್ತು?"

"ನನ್ನೇ ಕೇಳ್ತೀಯಾ? ಮೂರು ದಿನದಿಂದ ನಿನ್ ರಿಂಗ್ ಎಲ್ಲೋಯ್ತು? ಫೋನ್ ಎತ್ತಿ ನೋಡ್ದೆ, ಗುಂಯ್ ಅಂತಿತ್ತು. ನಂದು ಸರ್ಯಾಗೈತೆ ಅಂದ್ಮೇಲೆ ನಿನಗೇ ಏನೋ ಆಗೈತೆ ಅಂದ್ಕಂಡೆ."

"ದಿನಾ ಕೊಟ್ಟಿದ್ದೀನಿ ಕಣಕ್ಕ. ಕಿವಿಯಾರೆ ಕೇಳ್ದೆ, ಎರಡು ಸಲ ಹೊಡ್ಕಂತು."

"ನಿನ್ ಕಿವೀಲಿ ಹೊಡ್ಕಂಡ್ರೆ ನನ್ ಮನೇಲಿ ಹೊಡ್ಕಂಡಂಗಾಯ್ತಾ?"

ಶಾರದೆ ಅವಳನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, "ಒಂದು ಫೋನಾದ್ರೂ ಮಾಡಬಾರದಿತ್ತೇನಕ್ಕ?" ಎಂದಳು. ಊರಲ್ಲಿ ಅವಳ ಮಗ ಮೊಬೈಲನ್ನು ಮುಖದ ಮುಂದೆ ಹಿಡಿದರೂ ಅಕ್ಕ ಬೇಡವೆಂದಿದ್ದಳಂತೆ.

"ನೀನು ಎತ್ತಿ ಅತ್ತಿದ್ರೆ ಏನ್ ಮಾಡ್ಲವ್ವಾ? ಅಂಥದ್ನ ಫೋನಲ್ಲಿ ಕೇಳೋ ಧೈರ್ಯ ನನಗಿಲ್ಲ. ಬಸ್ಸಲ್ಲಿ ಕೂತ್ರೆ, ಬಂದು ಮುಟ್ಟೋವರ್ಗಾದ್ರೂ ಇವ್ನು ಬದುಕಿರ್ತಾನಲ್ಲ ಅಂತ ಬಂದ್ಬುಟ್ಟೆ."

ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಅವಳ ಚೀಲ ಬಿಚ್ಚಿದೆ. ಚೀಲದೊಳಗೆ ಎರಡು ಸೀರೆ, ಒಂದು ಲೋಟ, ಒಂದು ಪೊಟ್ಟಣ ವಿಭೂತಿ ಇದ್ದವು. ಆಸ್ಪತ್ರೆಯಲ್ಲಿ ಉಳಿಯಲು ಸಜ್ಜಾಗಿಯೇ ಬಂದಿದ್ದಳು. ನನಗೆ ಅಳು ಬಂತು. ಖಾರ ಜಾಸ್ತಿ ಎಂದು ಶಾರದೆಯ ಮೇಲೆ ಹಾಕಿದೆ.

ರಾಜಣ್ಣನನ್ನು ಕರೆಸಿದೆವು. ಅವನು ಪೆಚ್ಚಾಗಿ ವಿವರಿಸಿದ. ನಮ್ಮ ಕಿವಿಗೆ ಕೇಳುವ ಗಂಟೆ ಬೇರೆ, ಆ ಮನೆಯಲ್ಲಿ ಬಾರಿಸುವ ಗಂಟೆ ಬೇರೆ. ಹಳೆಯ ಲೈನಿನಲ್ಲಿ ಇವೆರಡೂ ಹೆಚ್ಚುಕಡಿಮೆ ಜೊತೆಗಿದ್ದವು. ಈಗ ಕರೆ ಇನ್ನೂ ದಾರಿ ಹುಡುಕುತ್ತಿರುವಾಗಲೇ, ಕಾಯುವವನ ಸಮಾಧಾನಕ್ಕೆ ಯಂತ್ರ ಇಲ್ಲೇ ಗಂಟೆ ಕೇಳಿಸಿಬಿಡುತ್ತದೆ. ನಾನು ಎರಡು ಎಣಿಸಿ ಇಟ್ಟಾಗ ಕರೆ ಹಂದನಕೆರೆ ಮುಟ್ಟಿರಲೇ ಇಲ್ಲ. ಎರಡು ರಿಂಗಿಗೇ ಫೋನ್ ಇಡುವ ಮನೆಯೊಂದು ಇರಬಹುದೆಂದು ಇದನ್ನೆಲ್ಲ ಮಾಡಿದವರಿಗೆ ಹೊಳೆಯದಿದ್ದರೆ ಅವರನ್ನು ಬಯ್ಯುವುದು ಹೇಗೆ? ಕಾಯಿ ಕುಲುಕಿ ಬದುಕಿದ ನಾನು, ನನ್ನ ಕೈಯೊಳಗಿನ ಸದ್ದನ್ನೇ ಕೇಳಿಕೊಂಡು ಆ ಕಡೆಯೂ ಕೇಳಿತೆಂದು ನಂಬಿದ್ದೆ.

"ಹಂಗಾದ್ರೆ ಹತ್ತು ರಿಂಗ್ ಕೊಡ್ತೀನಿ ಬುಡು" ಎಂದೆ.

ಅಕ್ಕ ತಲೆಯಾಡಿಸಿದಳು. "ನೀನು ಎಣಿಸೋದೇ ಬ್ಯಾಡ, ಮಡಗೋದೂ ಬ್ಯಾಡ. ಹೊಡ್ಕಳ್ತಾ ಇರ್ಲಿ. ನಾನೇ ಎತ್ತಿ ಮಡಗ್ತೀನಿ. ಆಗ ನೀನು ಮಾಡಿದ್ದು ನಂಗೆ ಗೊತ್ತಾಯ್ತದೆ, ನಂಗೆ ಮುಟ್ಟಿದ್ದು ನಿಂಗೆ ಗೊತ್ತಾಯ್ತದೆ."

ರಾಜಣ್ಣ ಹುಬ್ಬೇರಿಸಿದ. ಯಂತ್ರಗಳೂ ಹೀಗೇ ಮಾಡುತ್ತವಂತೆ, ಮುಟ್ಟಿತು ಎಂಬ ಮರುಸುದ್ದಿ ಬರುವವರೆಗೆ ಕಳಿಸಿದವನು ಕಾಯಬೇಕಂತೆ. ಅಕ್ಕ ಅದಕ್ಕೇನೂ ಬೀಗಲಿಲ್ಲ, ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿ ಮಧ್ಯಾಹ್ನದ ಬಸ್ಸಿಗೆ ಹೊರಟಳು. ವಿಭೂತಿಯನ್ನು ಮಾತ್ರ ನನ್ನ ಹಣೆಗೆ ಹಚ್ಚಿ ಹೋದಳು.

ಆ ಸಂಜೆ ಗಂಟೆ ಬಾರಿಸುತ್ತಲೇ ಇತ್ತು. ಎಷ್ಟೆಂದು ನಾನು ಎಣಿಸಲಿಲ್ಲ. ಅಷ್ಟು ಹೊತ್ತಿನಲ್ಲಿ ನನಗೆ ಎಂದೂ ಬಾರದ ಭಯ ಬಂತು. ಬಸ್ಸಿನಿಂದ ಇಳಿಯುವಾಗ ಎಡವಿದಳೋ, ಮನೆ ಸೇರಿದಳೋ ಇಲ್ಲವೋ? ಇಷ್ಟು ವರ್ಷ ದಿನಾ ಸಂಜೆ ನನ್ನ ಕ್ಷೇಮ ಹೇಳಿ ಹಾಯಾಗಿ ಊಟಕ್ಕೆ ಕೂರುತ್ತಿದ್ದೆ. ಅವಳದ್ದು ತಿಳಿಯಲು ಅದರಲ್ಲಿ ದಾರಿಯೇ ಇರಲಿಲ್ಲ. ಅಷ್ಟರಲ್ಲಿ ಫೋನ್ ಎತ್ತಿದ ಸದ್ದಾಯಿತು. ಹಸುವಿನ ಅಂಬಾ, ಕುಕ್ಕರಿನ ಸೀಟಿ, ಯಾರನ್ನೋ ಗದರುವ ಅಕ್ಕನ ದನಿ ಕೇಳಿದವು. ಟಕ್ ಎಂದು ಇಟ್ಟಳು. ಆಮೇಲೆ ನನಗೆ ಊಟ ಸೇರಿತು.

ಈಗ ಇದೇ ನಡೆಯುತ್ತಿದೆ. ಶಾರದೆ ಗೋಡೆಯ ಡಬ್ಬಿಗೂ ಅಂಗಿ ಹೆಣೆಯಲು ಹೊರಟಿದ್ದಳು, ಬಿಸಿಯಾಗುತ್ತದೆ ಬೇಡವೆಂದು ರಾಜಣ್ಣ ತಡೆದ. ಆ ದಾರ ನನ್ನ ಸ್ವೆಟರಿಗೆ ಬರಬಹುದೆಂಬ ಆಸೆಯಲ್ಲಿದ್ದೇನೆ. ಅಕ್ಕ ಎತ್ತುತ್ತಾಳೆ, ಇಡುತ್ತಾಳೆ, ಮಾತಿಲ್ಲ. ನಿನ್ನೆ ಮಾತ್ರ ಇಡುವುದಕ್ಕೆ ಸ್ವಲ್ಪ ತಡಮಾಡಿದಳು. ನಾನೂ ಅವಸರ ಮಾಡಲಿಲ್ಲ.