ಕುಡಿಯುವ ನೀರು ಮತ್ತು ಬಂಡೆಯ ಹಾವಸೆ

ಬಾಯಾರಿದವರಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲ ಎನ್ನುತ್ತಾರೆ. ಚಂದ್ರಗುತ್ತಿ ಗುಡ್ಡದ ನೆತ್ತಿಯಲ್ಲಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಬಾಯಾರಿದವನು ನಾನು. ನೀರು ಮಾತ್ರ ಬಂಡೆಯ ಪಾಲಾಯಿತು.

ಶಿಕಾರಿಪುರದಲ್ಲಿ ಸಸ್ಯಶಾಸ್ತ್ರ ಕಲಿಸುವ, ನಮ್ಮ ಪಕ್ಕದ ಮನೆಯ ಶಕೀಲಾ ಮೇಡಂ ಗುಡ್ಡದ ಬುಡದಿಂದ ತುದಿಯವರೆಗೆ ಯಾವ ಎತ್ತರದಲ್ಲಿ ಯಾವ ಜರೀಗಿಡ, ಯಾವ ಹಾವಸೆ ಇದೆಯೆಂದು ಗುರುತಿಸುತ್ತಾ ಬಂದಿದ್ದರು. ನಿವೃತ್ತ ಗುಮಾಸ್ತನಾದ ನನಗೆ ನೀರಿನ ಬಾಟಲಿಯ ಉಸ್ತುವಾರಿ. ಮೇಲೇರಿದಂತೆ ಗಿಡಗಳು ಕಡಿಮೆಯಾಗಿ, ನೆತ್ತಿಯಲ್ಲಿ ಏನೂ ಸಿಗದೆ ಅವರ ಮುಖ ಸಪ್ಪಗಾಗಿತ್ತು. ಅಷ್ಟರಲ್ಲಿ ಬಂಡೆಯ ಮೇಲೆ ಸೀದ ದೋಸೆಯಂಥ ಕಪ್ಪು ಹಕ್ಕಳೆ ಕಂಡಿತು. ಬಾಟಲಿ ಕಸಿದುಕೊಂಡು ಅದರ ಮೇಲೆ ಸುರಿದೇಬಿಟ್ಟರು.

"ಅಯ್ಯೋ, ಅದು ಕುಡಿಯೋ ನೀರು ಕಣ್ರೀ ಮೇಡಂ!"

"ಅದೂ ಕುಡೀಲಿ ಬಿಡ್ರೀ ಅಂಕಲ್. ಸುಮ್ನೆ ನೋಡ್ರಿ."

ನೋಡಿದೆ. ಮುದುಡಿದ್ದ ಪುಟಾಣಿ ಎಲೆಗಳು ಬಿಚ್ಚಿಕೊಳ್ಳುತ್ತಾ ಕಣ್ಣೆದುರೇ ಹಸಿರಾದವು. ನನ್ನ ವಯಸ್ಸು, ಮಂಡಿನೋವು, ಘನತೆ ಎಲ್ಲವೂ ಮರೆತುಹೋದವು. "ಎದ್ದೇಬಿಡ್ತಲ್ರೀ!" ಎಂದು ಕುಣಿದೆ. ಉಳಿದ ನೀರನ್ನು ಪಕ್ಕದ ಬಂಡೆಯ ಇನ್ನೊಂದು ಹಕ್ಕಳೆಗೆ ನಾನೇ ಸುರಿದೆ.

ನೆತ್ತಿಯಲ್ಲಿ ಎರಡು ಜಾತಿಯ ಹಾವಸೆ ಸಿಕ್ಕವು. ಗುಡ್ಡ ಇಳಿಯುವವರೆಗೆ ನಾವಿಬ್ಬರೂ ನೀರು ಕುಡಿಯಲಿಲ್ಲ.