ಮೂಡದೇ ಇದ್ದ ಮುಖ

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಮಲೇಷ್ಯಾದ ಪೆಟಾಲಿಂಗ್ ಜಯಾದ ಖಾಸಗಿ ಲ್ಯಾಬೊಂದರಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಕಾಗದ, ಚಿತ್ರಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವ ಕೆಲಸ. ಮೈಸೂರಿನವನಾದ ನನಗೆ ಅಲ್ಲಿ ಕನ್ನಡದ ಗಿರಾಕಿಗಳು ಸಿಗುವುದೇ ಅಪರೂಪ. ಹಾಗಾಗಿ ಹತ್ತಿರದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಿಂದ ಮಂಗಳೂರು ಮೂಲದ ಇಬ್ಬರು ಕ್ರೈಸ್ತ ಅಕ್ಕತಂಗಿಯರು ಬಂದಾಗ ಖುಷಿಯಾಯಿತು. ಅಕ್ಕ ಐರಿನ್ ಕುರ್ಚಿ ಎಳೆದುಕೊಂಡು ಕೂತರು. ಅರವತ್ತೇಳರ ತಂಗಿ ಲಿಲ್ಲಿ ಚೀಲ ಹಿಡಿದು ಬಾಗಿಲ ಬಳಿಯೇ ನಿಂತರು.

ಚೀಲದಲ್ಲಿದ್ದದ್ದು ಅಂಗೈಯಗಲದ ಮಾತೆ ಮರಿಯಳ ಚಿತ್ರ. ಸುಮಾರು ಐದು ಶತಮಾನದ ಹಿಂದೆ ನೆದರ್ಲೆಂಡ್ಸ್ ಸೀಮೆಯಲ್ಲಿ ಅಚ್ಚಾದ ಎನ್‌ಗ್ರೇವಿಂಗ್. ಪಾದ್ರಿಯೊಬ್ಬರು ಇವರ ಅಜ್ಜನಿಗೆ ಕೊಟ್ಟದ್ದಂತೆ. ನಿಲುವಂಗಿ, ಮಗು ಎಲ್ಲ ಸ್ಪಷ್ಟ. ತಾಯಿಯ ಮುಖ ಮಾತ್ರ ಖಾಲಿ.

“ಅದು ಇವಳ ಕೆಲಸ,” ಎಂದರು ಐರಿನ್. “ಏಳು ವರ್ಷದವಳಿದ್ದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದ್ದು. ಮುಖ ಪುನಃ ಬರಿಸ್ಲಿಕ್ಕೆ ಆಗ್ತದಾ ನೋಡಿ.”

ಮೇಣದಬತ್ತಿಯ ಹೊಗೆ ಹಿಡಿದ ಚೌಕಟ್ಟಿನ ಗಾಜನ್ನು ಮಾತ್ರ ಒರೆಸಿದ್ದೆ ಎಂದು ಲಿಲ್ಲಿ ಆಗ ಅತ್ತಿದ್ದರಂತೆ. ಒಪ್ಪಿಕೊಳ್ಳುವವರೆಗೂ ತಾಯಿ ಬಾರಿಸಿದರು. ಮಾತೆಯ ಮುಖ ಅಳಿಸಿದ ಹುಡುಗಿಗೆ ಮದುವೆಯೂ ಕೂಡಿಬರಲಿಲ್ಲ. ಅಕ್ಕನ ಮನೆಯ ಅಡುಗೆಯೇ ಗತಿಯಾಯಿತು. ಅರವತ್ತು ವರ್ಷ, ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಮಂಡಿಯೂರಿ ಕ್ಷಮೆ ಕೇಳಬೇಕು. ಇದನ್ನೆಲ್ಲ ಐರಿನ್ ನಗುತ್ತಲೇ ಹೇಳಿದರು. ನನಗೆ ಮೈ ಉರಿಯಿತು.

ಚಿತ್ರವನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ತಾಮ್ರದ ತಗಡಿನಲ್ಲಿ ಚೂಪು ಉಳಿಯಿಂದ ಗೆರೆ ಕೊರೆದು, ಅದರೊಳಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದವಿಟ್ಟು ಒತ್ತುವುದು ಆ ಕಾಲದ ವಿಧಾನ. ಗೆರೆಯೊಳಕ್ಕೆ ಇಳಿದ ಕಾಗದ ಅಲ್ಲಲ್ಲಿ ಸಣ್ಣಗೆ ಉಬ್ಬಿರುತ್ತದೆ. ಒಂದೊಂದು ಪ್ರತಿಗೂ ತಗಡು ಸವೆಯುತ್ತದೆ. ಮುಖದ ನವಿರು ಗೆರೆಗಳು ಮೊದಲು ಹೋಗುತ್ತವೆ. ಇದನ್ನು ಅಚ್ಚು ಹಾಕಿದ ಪುಣ್ಯಾತ್ಮ ಸವೆದ ತಗಡಿನಲ್ಲಿ ನಿಲುವಂಗಿ, ಮಗುವಿನ ಗೆರೆಗಳನ್ನಷ್ಟೇ ಮತ್ತೆ ಕೊರೆದು, ಮುಖವನ್ನು ಹಾಗೇ ಬಿಟ್ಟು ಅಚ್ಚು ತೆಗೆದಿದ್ದ. ಉಜ್ಜಿ ಅಳಿಸಿದ್ದರೆ ಕಾಗದದ ನಾರು ಕಿತ್ತಿರಬೇಕು, ಮಸಿಯ ಚೂರಾದರೂ ಉಳಿದಿರಬೇಕು. ಎರಡೂ ಇರಲಿಲ್ಲ. ಉಬ್ಬೂ ಇರಲಿಲ್ಲ.

“ಈ ಕಾಗದದ ಮೇಲೆ ಮುಖ ಮೂಡೇ ಇಲ್ಲ,” ಎಂದೆ, ಕೇಸು ಗೆದ್ದ ವಕೀಲನ ಹಾಗೆ. “ಲಿಲ್ಲಿಯವರು ಏನೂ ಅಳಿಸಿಲ್ಲ.”

ಐರಿನ್ ಅವರ ನಗು ನಿಂತಿತು. “ಅದೆಲ್ಲ ರಿಪೋರ್ಟಿನಲ್ಲಿ ಬೇಡ ಮಾರಾಯ್ರೆ. ಸತ್ತ ಅಮ್ಮನಿಗೆ ಕೆಟ್ಟ ಹೆಸರು.”

“ಬರೆದೇ ಬರೀತೀನಿ,” ಎಂದೆ.

ಲಿಲ್ಲಿಯವರ ಮುಖ ಅರಳುತ್ತದೆಂದು ಕಾದೆ. ಅವರು ಅಲ್ಲೇ ನೆಲಕ್ಕೆ ಮಂಡಿಯೂರಿದರು.

“ನಾನೇ ಅಳಿಸಿದ್ದು ಸರ್. ನನಗೆ ನೆನಪುಂಟು. ಬಟ್ಟೆ ಕಪ್ಪಾಗಿತ್ತು.”

“ಅದು ಗಾಜಿನ ಮೇಲಿದ್ದ ಹೊಗೆಯಮ್ಮ. ಹೊಗೆ ಹೋದ ಮೇಲೆ ಮೊದಲಿನಿಂದಲೂ ಖಾಲಿಯಿದ್ದ ಮುಖ ಕಣ್ಣಿಗೆ ಬಿದ್ದಿದೆ, ಅಷ್ಟೆ.”

ಲಿಲ್ಲಿ ತಮ್ಮ ಕೈಯನ್ನೇ ನೋಡಿಕೊಂಡರು. “ಹಾಗಾದ್ರೆ ಇಷ್ಟು ವರ್ಷ ನಾನು ಎಂತಕ್ಕೆ ಕ್ಷಮೆ ಕೇಳಿದ್ದು?”

“ಇವತ್ತಿಂದ ಕೇಳ್ಬೇಡ, ಆಯ್ತಲ್ಲ?” ಎಂದರು ಐರಿನ್. “ಏಳು, ಅಡುಗೆಗೆ ಲೇಟಾಯ್ತು ಮಾರಾಯ್ತಿ.”

ಲಿಲ್ಲಿ ಎದ್ದರು. ಚೀಲ ಎತ್ತಿಕೊಂಡು ಅಕ್ಕನ ಹಿಂದೆ ನಡೆದರು.

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಸತ್ಯ ಹೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಅದು ಯಾರ ತಲೆಯ ಮೇಲೆ ಬೀಳುತ್ತದೆಂದು ನಾನು ತಿರುಗಿಯೂ ನೋಡಿರಲಿಲ್ಲ. ಸರ್ವಿಸಿನಲ್ಲಿ ಉಳಿದಿದ್ದ ಆ ಒಂದು ವರ್ಷ, ಯಾವ ಚಿತ್ರ ಬಂದರೂ ಅದನ್ನು ಬಿಚ್ಚುವ ಮೊದಲು ಬಾಗಿಲ ಬಳಿ ನಿಂತವರಿಗೆ ಕುರ್ಚಿ ಹಾಕಿಸುತ್ತಿದ್ದೆ.