ಅಡುಗೆಮನೆಯ ಗೋಡೆಗೊಂದು ಬಾಗಿಲು

ಹೋದ ಭಾನುವಾರ ಕಲಬುರಗಿಯ ಐವಾನ್-ಎ-ಶಾಹಿ ಕಡೆ ತಳ್ಳುಗಾಡಿಯವನೊಬ್ಬ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟುಕೊಂಡು ನಿಂತಿದ್ದ. ಈಗೀಗ ಅವು ಅಪರೂಪ, ಕಂಡಾಗ ಬಿಡಬಾರದು. ಒಂದು ಡಜನ್ ಕಟ್ಟಿಸಿಕೊಂಡೆ. ಅಣ್ಣನ ಮನೆಗೆ ಹೋಗದೆ ಬಹಳ ದಿನವಾಗಿತ್ತು, ಹಾಗೇ ಆಟೋ ಹತ್ತಿ ಗಾಜಿಪುರಕ್ಕೆ ಹೊರಟೆ. ಚೀಲ ತೊಡೆಯ ಮೇಲಿತ್ತು. ಹಣ್ಣು ಮಾಗಿ ಸಿಪ್ಪೆ ಬಿರಿಯುವ ಹದಕ್ಕೆ ಬಂದಿದ್ದವು. ಬಿಸಿಲಿಗೆ ಆ ವಾಸನೆ ಎದ್ದದ್ದೇ ತಡ, ನಾನು ಮತ್ತೆ ಹದಿನಾರು ವರ್ಷದವಳಾಗಿ ಗಾಜಿಪುರದ ನಡುಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಪಕ್ಕದಲ್ಲಿ ವೈನಿ ಇದ್ದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಮೊದಲ ಹೆಂಡತಿ ಎಂದು ಈಗ ಹೇಳಬೇಕಾಗುತ್ತದೆ, ಆದರೆ ಆ ಮಾತು ನನ್ನ ಬಾಯಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಕಮಲಾಪುರದ ಹುಡುಗಿ. ನಮ್ಮ ಮನೆ ಸೇರಿದಾಗ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ತವರಿನಿಂದ ಯಾರು ಬಂದರೂ ಒಂದು ಗೊನೆ ಕೆಂಪು ಬಾಳೆ ಹೊತ್ತು ತರುತ್ತಿದ್ದರು. ವೈನಿ ಅದನ್ನು ನಡುಮನೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ಅದರ ಕೆಳಗೇ ಕಂಪ್ಯೂಟರ್ ಮೇಜು. ಹಾಗಾಗಿ ಆ ಆಟ ನೆನಪಾದರೆ ನನಗೆ ಬಾಳೆಹಣ್ಣಿನ ವಾಸನೆಯೂ ಬರುತ್ತದೆ.

ಕಂಪ್ಯೂಟರ್ ತಂದವನು ಅಣ್ಣ. ಅವನ ನೌಕರಿ ಬೇರೆ ಊರಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದ. ತಂಗಿ ಪಿಯುಸಿ ಸೈನ್ಸ್ ತಗೊಂಡಿದ್ದಾಳೆ, ಓದಿಗೆ ಬೇಕು ಎಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಡಿಸಿದ. ನಾನು ಓದಿದ್ದು ಅಷ್ಟರಲ್ಲೇ ಇತ್ತು. ಗೆಳತಿಯೊಬ್ಬಳಿಂದ ಒಂದು ಸೀಡಿ ತಂದು ಹಾಕಿದೆ. ಮನೆ ಕಟ್ಟಿ, ಅದರೊಳಗೆ ಮನುಷ್ಯರನ್ನಿಟ್ಟು ಸಾಕುವ ಆಟ. ಅವರಿಗೆ ಹಸಿವು, ನಿದ್ದೆ, ಸ್ನಾನ, ಶೌಚ, ಬೇಸರ, ಎಲ್ಲಕ್ಕೂ ಪರದೆಯ ಕೆಳಗೆ ಒಂದೊಂದು ಪಟ್ಟಿ. ಹಸಿರಿದ್ದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಆ ಜೀವದ ಗತಿ ಮುಗಿಯಿತು. ಉಣ್ಣಿಸು, ಮಲಗಿಸು, ಸಂಡಾಸಕ್ಕೆ ಕಳಿಸು, ನೌಕರಿಗೆ ಅಟ್ಟು, ಇಷ್ಟೇ ಆಟ.

ಮಧ್ಯಾಹ್ನ ಮೂರಕ್ಕೆ ಎಲ್ಲರ ಊಟ ಮುಗಿದು, ವೈನಿ ತಾವೂ ಉಂಡು, ಪಾತ್ರೆ ತಿಕ್ಕಿಟ್ಟು, ಸೆರಗಿಗೆ ಕೈ ಒರೆಸುತ್ತ ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು. ಮೊದಲು ನಿಂತು ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡರು. ಆ ಮಂದಿ ಒಬ್ಬರಿಗೊಬ್ಬರು ಏನೇನೋ ಗೊಣಗುವುದನ್ನು ಕೇಳಿ, ಇದು ಯಾವ ಭಾಷಿ ಎಂದರು. ಯಾರ ಭಾಷೆಯೂ ಅಲ್ಲ, ಸುಮ್ಮನೆ ಆಟಕ್ಕೆ ಅಂತ ಮಾಡಿದ್ದು ಎಂದೆ.

"ಚಲೋ ಆತ ಬಿಡು," ಅಂದರು. "ಏನ ಅಂದ್ರೂ ಯಾರ ಮನಸ್ಸಿಗೂ ಹತ್ತಂಗಿಲ್ಲ."

ಹದಿನೈದು ದಿನದಲ್ಲಿ ಮೌಸ್ ಅವರ ಕೈಗೆ ಹೋಯಿತು. ನಾವು ಒಬ್ಬ ಹೆಣ್ಣುಮಗಳನ್ನು ಮಾಡಿದ್ದೆವು, ಅವಳನ್ನು ವೈನಿ 'ನಮ್ಮಾಕಿ' ಎಂದು ಕರೆಯುತ್ತಿದ್ದರು. ಖರೇ ಹೇಳಬೇಕೆಂದರೆ ನನಗಿಂತ ಅವರ ಕೈಯಲ್ಲೇ ನಮ್ಮಾಕಿ ಸುಖವಾಗಿದ್ದಳು. ನನಗೆ ಅವಳ ಬಡ್ತಿಯ ಚಿಂತೆ, ವೈನಿಗೆ ಅವಳ ಹೊಟ್ಟೆಯ ಚಿಂತೆ. ಎದ್ದ ಕೂಡಲೇ ಉಣ್ಣಿಸುತ್ತಿದ್ದರು. ಉಂಡ ಮೇಲೆ ಸಂಡಾಸ, ಆಮೇಲೆ ಸ್ನಾನ, ಆಮೇಲೆ ನೌಕರಿ. ಒಂದು ಪಟ್ಟಿಯನ್ನೂ ಹಳದಿಗೆ ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಕೊನೆಗೆ, ತಣ್ಣಗಾದ ರೊಟ್ಟಿ ಉಂಡು ಬಂದವರು ಹೀಗೆ ಒಬ್ಬಳನ್ನು ಹೊತ್ತುಹೊತ್ತಿಗೆ ಉಣ್ಣಿಸುತ್ತಿದ್ದಾರಲ್ಲ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಆ ವಯಸ್ಸಿನಲ್ಲಿ ನನಗೆ ಏನು ಅನಿಸುತ್ತಿತ್ತೋ ದೇವರಿಗೇ ಗೊತ್ತು.

ಒಂದು ದಿನ ವೈನಿ ಬರುವುದು ತಡವಾಯಿತು. ನಾನು ನಮ್ಮಾಕಿಯನ್ನು ಪುಸ್ತಕ ಹಿಡಿಸಿ ಕೂರಿಸಿ, ಬಾಳೆಹಣ್ಣು ತಿನ್ನುತ್ತ ಮೈಮರೆತಿದ್ದೆ. ಶೌಚದ ಪಟ್ಟಿ ಕೆಂಪಾಗಿತ್ತು. ಅವಳು ಎದ್ದು, ಕಾಲಿಗೆ ಕಾಲು ಹೆಣೆದು, ಕೈಬೀಸಿ ನನ್ನನ್ನೇ ಕರೆದಂತೆ ಕರೆದು, ಕಡೆಗೆ ನಿಂತಲ್ಲೇ ಒದ್ದೆ ಮಾಡಿಕೊಂಡು ಮುಖ ಮುಚ್ಚಿಕೊಂಡು ಅತ್ತಳು. ನನಗೆ ನಗು ತಡೆಯಲಾಗಲಿಲ್ಲ. ತಿರುಗಿ ನೋಡಿದರೆ ವೈನಿ ಹಿಂದೆ ನಿಂತಿದ್ದಾರೆ. ಅವರು ನಗಲಿಲ್ಲ.

"ಮುಂಜಾನಿ ನೀರ ಕುಡೀಬಾರದಿತ್ತು ಆಕಿ," ಅಂದರು.

ನಾನು ಇನ್ನಷ್ಟು ನಕ್ಕೆ. ಈ ಆಟದಲ್ಲಿ ನೀರಡಿಕೆಗೆ ಪಟ್ಟಿಯೇ ಇಲ್ಲ ವೈನಿ ಎಂದೆ. ಅವರು "ಅದಕ್ಕ ಆಕೀದು ನಡದದ," ಎಂದು ಸ್ಟೂಲು ಎಳೆದುಕೊಂಡರು.

ಆ ಮಾತು ತಿಳಿಯಬೇಕಾದರೆ ನಮ್ಮ ಮನೆ ಹೇಗಿತ್ತೆಂದು ಹೇಳಬೇಕು. ಬೀದಿ ಬಾಗಿಲು, ಅಂಗಳ, ಪಡಸಾಲೆ, ನಡುಮನೆ, ಕೊನೆಗೆ ಅಡುಗೆಮನೆ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಸಂಡಾಸ, ಬಚ್ಚಲು ಎರಡೂ ಮುಂದಿನ ಅಂಗಳದ ಮೂಲೆಯಲ್ಲಿ. ಒಳಗಿನಿಂದ ಅಲ್ಲಿಗೆ ಹೋಗಲು ಪಡಸಾಲೆ ದಾಟಲೇಬೇಕು. ಪಡಸಾಲೆಯಲ್ಲಿ ನಮ್ಮ ಅಪ್ಪ. ರಿಟೈರ್ ಆದಮೇಲೆ ಅಪ್ಪನ ಲೋಕವೆಲ್ಲ ಅಲ್ಲಿಗೇ ಬಂದಿತ್ತು. ಮುಂಜಾನೆಯಿಂದ ರಾತ್ರಿ ಊಟದ ಹೊತ್ತಿನ ತನಕ ಇಬ್ಬರು ಮೂವರು ಗೆಳೆಯರು, ಪೇಪರು, ಚಹಾ, ಚದುರಂಗ. ನಾನು ಮಗಳು, ದಿನಕ್ಕೆ ಹತ್ತು ಸಲ ಅವರ ನಡುವೆ ಕುಣಿಯುತ್ತ ದಾಟುತ್ತಿದ್ದೆ. ಅವ್ವ ವಯಸ್ಸಾದವಳು, ದಾಟುತ್ತಿದ್ದಳು. ಸೊಸೆ ಮಾತ್ರ ಮಾವನ ಮುಂದೆ, ಮಾವನ ಗೆಳೆಯರ ಮುಂದೆ, ಕೈಯಲ್ಲಿ ತಂಬಿಗೆ ಹಿಡಿದು ಹೇಗೆ ದಾಟಬೇಕು? ಯಾರೂ ದಾಟಬೇಡ ಎಂದಿರಲಿಲ್ಲ. ವೈನಿಗೇ ಆಗುತ್ತಿರಲಿಲ್ಲ. ನಸುಕಿನಲ್ಲಿ ಒಮ್ಮೆ, ರಾತ್ರಿ ಒಮ್ಮೆ. ನಡುವೆ ತೀರ ತಡೆಯದಾದರೆ ಕಸಬರಿಗೆ ಹಿಡಿದು, ಅಂಗಳ ಗುಡಿಸುವ ನೆವ ಮಾಡಿ ಹೋಗುತ್ತಿದ್ದರು. ನಮ್ಮ ಅಂಗಳ ಯಾಕೆ ಅಷ್ಟು ಸ್ವಚ್ಛವಾಗಿರುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ನಮ್ಮಾಕಿ ಅತ್ತ ಮರುದಿನ ವೈನಿ ಆಟದ ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿದರು. ಅಡುಗೆಮನೆಗೆ ಹತ್ತಿಯೇ ಸಂಡಾಸ, ನಡುವೆ ಒಂದು ಬಾಗಿಲು. ನಾನು ಚೇಷ್ಟೆ ಮಾಡಿದೆ, "ಅವ್ವ ನೋಡಿದ್ರ ಕಂಪ್ಯೂಟರಿಗೇ ಗೋಮೂತ್ರ ಚಿಮುಕಸ್ತಾಳ ನೋಡ್ರಿ ವೈನಿ."

ಅವರು ನಕ್ಕರು. ಆಮೇಲೆ ಎದ್ದು ನನ್ನ ಕೈ ಹಿಡಿದು ನಿಜವಾದ ಅಡುಗೆಮನೆಗೆ ಕರೆದೊಯ್ದರು. ಒರಳು ಇದ್ದ ಜಾಗದ ಹಿಂದಿನ ಗೋಡೆ ಮುಟ್ಟಿ ತೋರಿಸಿದರು. ಗೋಡೆಯ ಆಚೆ ನಮ್ಮದೇ ಒಂದು ಸಂದಿ ಇತ್ತು. ಮನೆಯ ಪಕ್ಕದಿಂದ ಹಾದು, ಪಡಸಾಲೆಯವರ ಕಣ್ಣಿಗೆ ಬೀಳದೆ, ನೇರ ಅಂಗಳದ ಆ ಮೂಲೆಗೇ ಬರುತ್ತಿತ್ತು.

"ಇಲ್ಲೊಂದು ಬಾಗಿಲ ಬಿಟ್ರ ಸಾಕು ತಂಗಿ. ಅವರಿಗಿ ಹೇಳ್ದೆ, ಅಪ್ಪಗ ಹ್ಯಾಂಗ ಕೇಳ್ಲಿ ಅಂದ್ರು. ಅತ್ತಿ ಅಂತಾರ, ನಾವೂ ಹಿಂಗೇ ಬಾಳ್ವಿ ಮಾಡೇವಿ ಅಂತ. ನೀ ಒಂದ್ ಮಾತ ಹೇಳು. ನಿನ್ನ ಮಾತ ಮಾವನವರು ತೆಗದ ಹಾಕಂಗಿಲ್ಲ."

ಅದು ನಿಜ. ನಾನು ಅಪ್ಪನ ಮುದ್ದಿನ ಮಗಳು. ಹೇಳ್ತೀನಿ ಬಿಡ್ರಿ ಎಂದೆ.

ಆ ಸಂಜೆಯೇ ಪಡಸಾಲೆಗೆ ಹೋದೆ. ಅಂದು ಗೆಳೆಯರು ಬೇಗ ಎದ್ದುಹೋಗಿದ್ದರು, ಅಪ್ಪ ಒಬ್ಬರೇ ಚದುರಂಗದ ಕಾಯಿ ಡಬ್ಬಿಗೆ ತುಂಬುತ್ತಿದ್ದರು. ಏನವ್ವಾ ಎಂದರು. ನನಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. ಅಪ್ಪನ ಮುಂದೆ ಸಂಡಾಸದ ಮಾತು ಹೇಗೆ ತೆಗೆಯುವುದು? ಅಲ್ಲದೆ, ವೈನಿ ಇದನ್ನು ನಿನಗೆ ಯಾವಾಗ ಹೇಳಿದರು, ಮಧ್ಯಾಹ್ನ ಓದುವುದು ಬಿಟ್ಟು ಏನು ಮಾಡುತ್ತೀ ಎಂದು ಕೇಳಿದರೆ? ಆಟದ ಗುಟ್ಟು ರಟ್ಟಾದೀತು. "ನಾಳೆ ಗೆಳತಿ ಮನಿಗಿ ಬ್ರಹ್ಮಪುರಕ್ಕ ಹೋಗಿ ಬರ್ಲೇನ್ರಿ ಅಪ್ಪಾ?" ಎಂದೆ. ಹೋಗಿ ಬಾ ಎಂದರು. ಬೀಸೋ ದೊಣ್ಣೆ ತಪ್ಪಿತು ಅಂದುಕೊಂಡೆ. ಆ ದೊಣ್ಣೆ ಯಾರ ಮೇಲೆ ಬಿತ್ತು ಎಂದು ನೋಡಲಿಲ್ಲ.

ಎರಡು ದಿನ ಬಿಟ್ಟು ವೈನಿ ಹಿಟ್ಟು ನಾದುತ್ತ, ತಲೆ ಎತ್ತದೆ ಕೇಳಿದರು, ಹೇಳಿದಿಯೇನು ಎಂದು. ಹೂಂ ಎಂದೆ. ಏನಂದ್ರು ಎಂದರು.

"ನೋಡೂಣು ಅಂದಾರ್ರಿ."

ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ನಾಳೆ ಹೇಳಿದರಾಯಿತು, ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ವೈನಿ ಮತ್ತೆ ಕೇಳಲಿಲ್ಲ. ಮಾವನವರು ನೋಡೋಣ ಎಂದಮೇಲೆ ಸೊಸೆ ಮತ್ತೆ ಹೇಗೆ ಕೇಳಿಯಾಳು?

ಆದರೆ ಆ ಸುಳ್ಳು ಸುಮ್ಮನೆ ಕೂರಲಿಲ್ಲ. ಆವತ್ತಿನಿಂದ ವೈನಿ ಕಸಬರಿಗೆ ಹಿಡಿದು ಅಂಗಳಕ್ಕೆ ಹೋಗುವುದನ್ನೇ ಬಿಟ್ಟರು. ಮೊದಲಾದರೆ ಮಾವನವರಿಗೆ ಏನೂ ಗೊತ್ತಿಲ್ಲ, ಗುಡಿಸಲು ಹೊರಟಿದ್ದಾಳೆ ಅಂದುಕೊಳ್ಳುತ್ತಾರೆ ಎಂಬ ಧೈರ್ಯವಿತ್ತು. ಈಗ ಅವರಿಗೆ ಗೊತ್ತು ಎಂದಮೇಲೆ ಕಸಬರಿಗೆಯ ನೆವಕ್ಕೂ ಅರ್ಥವಿಲ್ಲ. ಹೀಗೆ ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದೆ. ಬೇಸಿಗೆ ಬಂತು. ಕಲಬುರಗಿಯ ಬೇಸಿಗೆ, ಕೂತಲ್ಲಿ ಬೆವರು ಸುರಿಯುವ ಹೊತ್ತು. ನಾನು ಕೊಡದಿಂದ ತಣ್ಣೀರು ಬಗ್ಗಿಸಿ ಬಗ್ಗಿಸಿ ಕುಡಿಯುತ್ತಿದ್ದೆ, ವೈನಿ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದೇನೆ... ಆಗಲಾದರೂ ಹೇಳಬಹುದಿತ್ತು.

ಮೇ ತಿಂಗಳಲ್ಲಿ ಚಳಿಜ್ವರ ಬಂತು, ಬೆನ್ನು ಹಿಡಿಯಿತು. ಬಿಸಿಲಿನ ಜ್ವರ ಎಂದು ಮನೆಯ ಮದ್ದು ಮಾಡಿದರು. ನಾಲ್ಕನೆಯ ದಿನ ದವಾಖಾನೆಗೆ ಸೇರಿಸಿದಾಗ ಡಾಕ್ಟರು, ಸೋಂಕು ಎಷ್ಟೋ ದಿನದಿಂದ ಇದೆ, ಮೂತ್ರಪಿಂಡಕ್ಕೆ ಏರಿದೆ ಎಂದರು. ನೀರು ಕುಡಿಯುವುದಿಲ್ಲವೇ, ಯಾಕೆ ತಡೆದುಕೊಳ್ಳುತ್ತೀರಿ ಎಂದು ಅವ್ವನ ಎದುರಿಗೇ ಕೇಳಿದರಂತೆ. ಅಲ್ಲಿಂದ ಅಣ್ಣ ಅವರನ್ನು ಆರೈಕೆಗೆಂದು ಕಮಲಾಪುರದ ತವರಿಗೆ ಬಿಟ್ಟುಬಂದ.

ಡಾಕ್ಟರು ಹಾಗೆ ಕೇಳಿದ ದಿನ ರಾತ್ರಿಯೇ ಅವ್ವ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಬೆಳಗಾಗುತ್ತಲೇ ಅಪ್ಪ ತಾವೇ ಹೋಗಿ ಗೌಂಡಿಯನ್ನು ಕರೆತಂದರು. ಒರಳು ಸರಿಸಿದರು, ಕಲ್ಲು ಕಿತ್ತರು, ಚೌಕಟ್ಟು ಕೂರಿಸಿದರು. ಬರೀ ಎರಡು ದಿನದ ಕೆಲಸ. ಮೂರನೆಯ ದಿನ ಆ ಹೊಸ ಬಾಗಿಲಿನ ಮುಂದೆ ನಿಂತು ಅಪ್ಪ ಅವ್ವನಿಗೆ ಹೇಳಿದರು, "ಒಂದ್ ಮಾತ ಯಾರರ ನನ್ನ ಕಿವಿಗಿ ಹಾಕಬಾರದಿತ್ತೇನು? ನಾ ಏನ್ ರಾಕ್ಷಸ ಇದ್ನೇನು?" ನಾನು ಚಹಾದ ಕಪ್ಪು ಹಿಡಿದು ಪಕ್ಕದಲ್ಲೇ ಇದ್ದೆ. ಕಪ್ಪು ಕೊಟ್ಟು ಒಳಗೆ ಬಂದೆ. ಅಂದಿನಿಂದ ಅಪ್ಪ ಪಡಸಾಲೆಯಲ್ಲಿ ಕೂರುವುದನ್ನು ಬಿಟ್ಟರು. ಚದುರಂಗದ ಡಬ್ಬಿ ಅಟ್ಟ ಸೇರಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬುದ್ಧಿ ಬಂದದ್ದು ಅಪ್ಪನಿಗೆ, ಅವರ ತಪ್ಪು ಅದರಲ್ಲಿ ಎಲ್ಲರಿಗಿಂತ ಕಡಿಮೆ.

ಮಳೆಗಾಲದಲ್ಲಿ ಒಮ್ಮೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ, ಒಬ್ಬಳೇ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರುಹೊಡೆದೆ. ವೈನಿ ಹೊರಗಿನ ಕಟ್ಟೆಗೆ ಒರಗಿ ಕೂತಿದ್ದರು, ಮುಖ ಬಾತಿತ್ತು. ಪಕ್ಕದಲ್ಲಿ ತಂಬಿಗೆ. "ನೋಡು, ಈಗ ನೀರ ಕುಡಿಯೂದೇ ನನ್ನ ನೌಕರಿ," ಎಂದು ನಕ್ಕರು. ನಮ್ಮಾಕಿ ಹೇಗಿದ್ದಾಳೆ, ಊಟಕ್ಕೆ ಹಾಕುತ್ತೀಯೋ ಇಲ್ಲವೋ ಎಂದು ಕೇಳಿದರು. ನೀವು ಬಂದ ಮೇಲೆಯೇ ಆಟ, ಅಲ್ಲಿಯತನಕ ಕಂಪ್ಯೂಟರ್ ಬಂದ್ ಇಟ್ಟಿದ್ದೇನೆ, ಬಂದ್ ಇದ್ದರೆ ಅವಳ ಪಟ್ಟಿ ಇಳಿಯುವುದಿಲ್ಲ ಎಂದೆ. ಅವರಿಗೆ ಸಮಾಧಾನವಾಯಿತು.

ಆಮೇಲೆ ಬಾಗಿಲು ಇಟ್ಟ ಸುದ್ದಿ ಹೇಳಿದೆ. ವೈನಿ ನನ್ನ ಕೈ ಹಿಡಿದುಕೊಂಡರು.

"ಕಡೀಕ ಮಾವನವರು ಮನಸ್ ಮಾಡಿದ್ರಲ್ಲ, ಸಾಕು. ಅವರ ಮ್ಯಾಲ ನನಗ ಸಿಟ್ಟಿಲ್ಲ. ತಡಾ ಮಾಡಿದ್ರು ಅಷ್ಟ. ನೀ ಅವತ್ತ ಹೇಳಿದ್ದಕ್ಕ ಇವತ್ತರ ಆತು."

ಉರುಹೊಡೆದದ್ದನ್ನು ಹೇಳಿದರೆ ಹಿಡಿದ ಆ ಕೈ ಬಿಟ್ಟುಹೋದೀತು ಎಂದು ಹೆದರಿದೆ. ಬಸ್ಸಿಗೆ ಹೊರಟಾಗ ಅರ್ಧ ಗೊನೆ ಬಾಳೆಹಣ್ಣು ಕಟ್ಟಿಕೊಟ್ಟರು. ಬೇಡ ಎನ್ನಲೂ ಆಗಲಿಲ್ಲ, ಇಸಿದುಕೊಂಡು ಬಂದೆ.

ಮರುವರ್ಷ ತವರಿನಲ್ಲೇ, ಅದೇ ಕಾಯಿಲೆಯಿಂದ ವೈನಿ ತೀರಿಕೊಂಡರು. ಆ ಬಾಗಿಲನ್ನು ಅವರು ಒಮ್ಮೆಯೂ ದಾಟಲಿಲ್ಲ.

ಅಪ್ಪ ಹೋಗಿಯೂ ಈಗ ಆರೇಳು ವರ್ಷವಾಯಿತು. ಮಾವ ಗೊತ್ತಿದ್ದೂ ತಡ ಮಾಡಿದರು ಎಂದುಕೊಂಡು ವೈನಿ ಹೋದರು. ಸೊಸೆ ತನ್ನ ಕಷ್ಟವನ್ನು ತನಗೆ ತಿಳಿಸಲೇ ಇಲ್ಲ, ತಾನು ಅಷ್ಟು ಕೆಟ್ಟವನೇ ಎಂದು ಕೊರಗುತ್ತ ಅಪ್ಪ ಹೋದರು. ಇಬ್ಬರ ಕೊರಗನ್ನೂ ತೆಗೆಯುವುದು ನನ್ನ ಒಂದು ಮಾತಿನ ಕೆಲಸವಾಗಿತ್ತು.

ಹೋದ ಭಾನುವಾರ ಹಣ್ಣಿನ ಚೀಲ ಹಿಡಿದು ಆ ಅಡುಗೆಮನೆಗೆ ಹೋದೆ. ಈಗ ಮನೆಯೊಳಗೇ ಎರಡು ಸಂಡಾಸಗಳಿವೆ. ಆ ಬಾಗಿಲಿಗೆ ಅಡ್ಡವಾಗಿ ಫ್ರಿಜ್ ನಿಂತಿದೆ. ಅಣ್ಣನ ಈಗಿನ ಹೆಂಡತಿ ಶಾಲೆಯಲ್ಲಿ ಟೀಚರ್, ಒಳ್ಳೆಯ ಮನಸ್ಸಿನವರು. ಹಣ್ಣು ತೆಗೆದುಕೊಳ್ಳುತ್ತ ಹೇಳಿದರು, "ಈ ಬಾಗಿಲಾ ಮುಚ್ಚಿಸಬೇಕಂತ ಮಾಡೇವ್ರಿ, ಸಂದ್ಯಾಗಿಂದ ಇಲಿ ಬರ್ತಾವ. ಇಲ್ಲಿ ಯಾಕ ಇಟ್ಟಾರೋ ಏನೋ, ನಿಮ್ಮ ಅಣ್ಣಾವರಿಗಿ ಕೇಳಿದ್ರ ಹೇಳಂಗಿಲ್ಲ."

ನಾನು ಬಾಯಿ ತೆರೆದೆ. "ಹಣ್ಣ ಫ್ರಿಜ್ಜಿನಾಗ ಇಡಬ್ಯಾಡ್ರಿ," ಎಂದೆ. "ಕಪ್ಪಾಗ್ತಾವ."

ಮನೆಗೆ ಬಂದು ಇದನ್ನು ಬರೆಯಲು ಕೂತೆ. ವೈನಿ, ನಾನು ಅಪ್ಪನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಮರುದಿನವೇ ಗೌಂಡಿಯನ್ನು ಕರೆತರುತ್ತಿದ್ದರು.